ನಡಿಗೆ, ಆಸ್ಪಿರಿನ್ ಮತ್ತು ಕರುಳಿನ ಕ್ಯಾನ್ಸರ್: ರೋಗಿ ಬದುಕುಳಿಯುವುದನ್ನು ನಿರ್ಧರಿಸುವುದು ಯಾವುದು?

ಕರುಳಿನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿದವರು ಕ್ರಮಬದ್ಧವಾಗಿ ವ್ಯಾಯಾಮ ಮಾಡಿದರೆ ಸಾವಿನ ಅಪಾಯ ಶೇ 37ರಷ್ಟು ತಗ್ಗುತ್ತದೆ ಎಂಬ ಸುದ್ದಿ 2025ರ ಜೂನ್‌ನಲ್ಲಿ ಬಂತು. ಅದೇ ಸೆಪ್ಟೆಂಬರ್‌ನಲ್ಲಿ, ಅಗ್ಗದ ಆಸ್ಪಿರಿನ್ ಮಾತ್ರೆ ಈ ಕಾಯಿಲೆ ಮರುಕಳಿಸುವ ಅಪಾಯವನ್ನು ಸುಮಾರು ಅರ್ಧದಷ್ಟು ಇಳಿಸುತ್ತದೆ ಎಂಬ ಇನ್ನೊಂದು ಸುದ್ದಿ ಪ್ರಕಟವಾಯಿತು. ಇವೆರಡಕ್ಕೂ ಮೊದಲು, 2022ರಲ್ಲಿ, ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಡೋಸ್ಟಾರ್ಲಿಮ್ಯಾಬ್ ಎಂಬ ಔಷಧ ಪಡೆದ ಗುದನಾಳದ ಕ್ಯಾನ್ಸರ್ ರೋಗಿಗಳೆಲ್ಲರಲ್ಲೂ ಗಡ್ಡೆ ಕಾಣದಂತಾಯಿತು ಎಂಬ ವರದಿ ಎಲ್ಲರ ಮೊಬೈಲಿನಲ್ಲಿ ಹರಿದಾಡಿತ್ತು.

ಮೂರೂ ಸುಳ್ಳು ಸುದ್ದಿಗಳಲ್ಲ; ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗಗಳ ಫಲಿತಾಂಶಗಳು. ಆದರೂ ಗೋಕಾಕದಲ್ಲೋ ಜಮಖಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಮನೆಯಲ್ಲೊಬ್ಬ ರೋಗಿಯನ್ನು ಇಟ್ಟುಕೊಂಡಿರುವ ಕುಟುಂಬ ಇವನ್ನು ಓದಿದಾಗ ಎರಡು ಬಗೆಯ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆ ಇದೆ. ನಡಿಗೆ ಮತ್ತು ಮಾತ್ರೆಯಿಂದಲೇ ಆಗುವುದಾದರೆ ಕೀಮೋದ ಸಂಕಟ ಏಕೆ ಎಂಬುದು ಒಂದು. ಇದೆಲ್ಲ ಹೊರದೇಶದ ಮಾತು, ನಮಗೆ ಸಂಬಂಧವಿಲ್ಲ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಏಕೆ ಸರಿಯಲ್ಲ ಎಂದು ತಿಳಿಯಲು, ಈ ಕಾಯಿಲೆಯಲ್ಲಿ ಒಬ್ಬ ರೋಗಿಯ ಆಯುಷ್ಯವನ್ನು ಯಾವ ಯಾವ ಸಂಗತಿಗಳು, ಎಷ್ಟೆಷ್ಟರ ಮಟ್ಟಿಗೆ ನಿರ್ಧರಿಸುತ್ತವೆ ಎಂಬುದನ್ನು ಬಿಡಿಸಿ ನೋಡಬೇಕು.

ವ್ಯಾಯಾಮದ ಪ್ರಯೋಗದಲ್ಲಿ ಇದ್ದದ್ದೇನು

ಷಿಕಾಗೋದ ಕ್ಯಾನ್ಸರ್ ತಜ್ಞರ ವಾರ್ಷಿಕ ಸಮ್ಮೇಳನದಲ್ಲಿ ಮಂಡನೆಯಾದ ‘ಚಾಲೆಂಜ್’ ಎಂಬ ಈ ಪ್ರಯೋಗ 2009ರಲ್ಲಿ ಶುರುವಾದದ್ದು. ಕೆನಡಾ, ಆಸ್ಟ್ರೇಲಿಯಾ ಸೇರಿದಂತೆ ಆರು ದೇಶಗಳ 55 ಕೇಂದ್ರಗಳಲ್ಲಿ 889 ರೋಗಿಗಳು ಇದರಲ್ಲಿ ಭಾಗವಹಿಸಿದರು. ಇವರೆಲ್ಲರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅದರ ನಂತರದ ಕೀಮೋಥೆರಪಿಯನ್ನೂ ಮುಗಿಸಿದವರು ಎಂಬುದನ್ನು ಮೊದಲು ಗಮನಿಸಬೇಕು. ಅರ್ಧದಷ್ಟು ಜನರಿಗೆ ವ್ಯಾಯಾಮ ಮತ್ತು ಆಹಾರದ ಬಗ್ಗೆ ಕೈಪಿಡಿ ಕೊಟ್ಟು ಕಳಿಸಲಾಯಿತು. ಉಳಿದವರಿಗೆ ಕೈಪಿಡಿಯ ಜೊತೆಗೆ ಮೂರು ವರ್ಷಗಳ ಕಾಲ ಒಬ್ಬ ತರಬೇತುದಾರರ ನೆರವು ಒದಗಿಸಲಾಯಿತು. ವಾರಕ್ಕೆ ಮೂರು ನಾಲ್ಕು ದಿನ, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಬಿರುಸಾಗಿ ನಡೆಯುವಷ್ಟು ಚಟುವಟಿಕೆಯನ್ನು ಈ ಗುಂಪಿನವರು ತಮ್ಮ ಮಾಮೂಲಿನ ಬದುಕಿಗೆ ಸೇರಿಸಿಕೊಳ್ಳಬೇಕಿತ್ತು.

ಐದು ವರ್ಷಗಳ ನಂತರ ಕಾಯಿಲೆ ಮರುಕಳಿಸದೆ ಇದ್ದವರು ವ್ಯಾಯಾಮದ ಗುಂಪಿನಲ್ಲಿ ಶೇ 80.3, ಇನ್ನೊಂದು ಗುಂಪಿನಲ್ಲಿ ಶೇ 73.9. ಎಂಟು ವರ್ಷಗಳ ನಂತರ ಜೀವಂತ ಇದ್ದವರು ಕ್ರಮವಾಗಿ ಶೇ 90.3 ಮತ್ತು ಶೇ 83.2. ಸುದ್ದಿಯ ತಲೆಬರಹದಲ್ಲಿದ್ದ ಶೇ 37 ಎನ್ನುವುದು ಎರಡು ಗುಂಪುಗಳ ಅಪಾಯವನ್ನು ಒಂದಕ್ಕೊಂದು ಹೋಲಿಸಿ ಪಡೆದ ಸಂಖ್ಯೆ. ನೇರವಾಗಿ ಎಣಿಸಿದರೆ ನೂರು ಜನರಲ್ಲಿ ಏಳು ಮಂದಿ ಹೆಚ್ಚಾಗಿ ಉಳಿದರು. ಏಳು ಜೀವ ಎಂದರೆ ಸಣ್ಣದಲ್ಲ. ಕ್ಯಾನ್ಸರ್‌ನ ಎಷ್ಟೋ ದುಬಾರಿ ಔಷಧಗಳು ಇಷ್ಟು ಲಾಭವನ್ನು ತೋರಿಸಿಲ್ಲ. ಆದರೆ ಆ ನೂರರಲ್ಲಿ 83 ಮಂದಿ ಕೈಪಿಡಿ ಮಾತ್ರ ಪಡೆದೂ ಎಂಟು ವರ್ಷ ದಾಟಿದ್ದರು. ಅವರನ್ನು ಉಳಿಸಿದ್ದು ಅದಕ್ಕೂ ಮೊದಲು ಸಿಕ್ಕಿದ್ದ ಶಸ್ತ್ರಚಿಕಿತ್ಸೆ ಮತ್ತು ಕೀಮೋ. ಈ ತಳಪಾಯವಿಲ್ಲದ ರೋಗಿಗೆ ನಡಿಗೆಯಿಂದ ಅದೇ ಲಾಭ ಆಗುತ್ತದೆ ಎಂದು ಈ ಪ್ರಯೋಗ ಎಲ್ಲಿಯೂ ಹೇಳಿಲ್ಲ.

ಇನ್ನೊಂದು ಸಂಗತಿ ಹೆಚ್ಚು ಚರ್ಚೆಗೆ ಬರಲಿಲ್ಲ. ವ್ಯಾಯಾಮ ಒಳ್ಳೆಯದು ಎಂಬ ಉಪದೇಶ ಎರಡೂ ಗುಂಪಿನವರಿಗೆ ಸಿಕ್ಕಿತ್ತು. ವ್ಯತ್ಯಾಸ ಹುಟ್ಟಿದ್ದು ಬೆನ್ನಿಗೆ ನಿಂತು ವಿಚಾರಿಸುವ ಒಬ್ಬ ಮನುಷ್ಯ ಇದ್ದುದರಿಂದ. ಆದ್ದರಿಂದ ನಮ್ಮಲ್ಲಿ ಇದನ್ನು ಜಾರಿಗೆ ತರಬೇಕೆನ್ನುವವರು ಆಸ್ಪತ್ರೆಯ ಗೋಡೆಗೆ ಒಂದು ಭಿತ್ತಿಪತ್ರ ಅಂಟಿಸಿದರೆ ಸಾಲದು, ಫಿಸಿಯೊಥೆರಪಿಸ್ಟ್ ಹುದ್ದೆಗಳ ಬಗ್ಗೆ ಮಾತನಾಡಬೇಕು. ಹೊಲದಲ್ಲಿ ಕಳೆ ತೆಗೆಯುವ ಹೆಂಗಸಿಗೆ ಬೇರೆ ವ್ಯಾಯಾಮ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜ. ಆದರೆ ಆರು ತಿಂಗಳ ಕೀಮೋ ಮುಗಿಸಿದ ಮೇಲೆ ಆಕೆ ಹೊಲಕ್ಕೆ ಮರಳಿರುವುದಿಲ್ಲ. ‘ನೀ ಏನೂ ಮಾಡಬ್ಯಾಡ, ಸುಮ್ಮನ ಮಲಗು’ ಎಂದು ಮನೆಯವರು ಪ್ರೀತಿಯಿಂದಲೇ ಹಾಸಿಗೆಗೆ ಕಟ್ಟಿಹಾಕಿರುತ್ತಾರೆ.

ಹಂತವೇ ಮೊದಲ ಅಳತೆ

2022ರಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಜನರಲ್ಲಿ ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಜನ ಇದರಿಂದ ಸತ್ತರು. ಅಮೆರಿಕದಲ್ಲಿ ಈ ರೋಗ ಪತ್ತೆಯಾದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಇಬ್ಬರು ಐದು ವರ್ಷ ದಾಟುತ್ತಾರೆ. ಭಾರತದ ನೋಂದಣಿ ಕೇಂದ್ರಗಳ ಅಂಕಿಅಂಶಗಳ ಪ್ರಕಾರ ನಮ್ಮಲ್ಲಿ ಅರ್ಧದಷ್ಟು ಜನರೂ ದಾಟುವುದಿಲ್ಲ. ಕಾಯಿಲೆ ಒಂದೇ, ಔಷಧಗಳೂ ಬಹುಮಟ್ಟಿಗೆ ಅವೇ. ಹಾಗಾದರೆ ಈ ಅಂತರ ಎಲ್ಲಿಂದ ಬಂತು?

ಮುಖ್ಯ ಉತ್ತರ ಹಂತದಲ್ಲಿದೆ. ಗಡ್ಡೆ ಕರುಳಿನ ಗೋಡೆಯೊಳಗೇ ಇದ್ದಾಗ ಪತ್ತೆಯಾದವರಲ್ಲಿ, ಅಮೆರಿಕದ ಲೆಕ್ಕದಂತೆ, ಶೇ 90ರಷ್ಟು ಜನ ಐದು ವರ್ಷ ಬದುಕುತ್ತಾರೆ. ಸುತ್ತಲಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ತಲುಪಿದ್ದರೆ ಈ ಪ್ರಮಾಣ ಶೇ 70ರ ಆಸುಪಾಸಿಗೆ ಇಳಿಯುತ್ತದೆ. ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಪತ್ತೆಯಾದವರಲ್ಲಿ ಆರೇಳು ಜನರಲ್ಲಿ ಒಬ್ಬರು ಮಾತ್ರ ಐದು ವರ್ಷ ಕಾಣುತ್ತಾರೆ. ಶೇ 90 ಮತ್ತು ಶೇ 15ರ ನಡುವಿನ ಈ ಕಂದಕವನ್ನು ಯಾವ ಮಾತ್ರೆಯೂ ಯಾವ ನಡಿಗೆಯೂ ತುಂಬಲಾರದು. ಈ ಸಂಖ್ಯೆಗಳು ದೊಡ್ಡ ಗುಂಪುಗಳ ಸರಾಸರಿಯಾಗಿದ್ದು, ಒಬ್ಬ ರೋಗಿಗೆ ಇಷ್ಟೇ ವರ್ಷ ಎಂದು ಬರೆದುಕೊಟ್ಟ ಚೀಟಿಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಈ ಗಡ್ಡೆ ರಾತ್ರೋರಾತ್ರಿ ಬೆಳೆಯುವುದಿಲ್ಲ. ಕರುಳಿನ ಒಳಪದರದಲ್ಲಿ ಹುಟ್ಟುವ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಬೇಕು. ಅಷ್ಟು ಅವಕಾಶವಿದ್ದೂ ರೋಗಿ ಕೊನೆಯ ಹಂತದಲ್ಲಿ ಆಸ್ಪತ್ರೆ ಮುಟ್ಟುತ್ತಾನೆಂದರೆ, ನಡುವಿನ ದಾರಿಯಲ್ಲಿ ಏನಾಗುತ್ತದೆ ಎಂದು ನೋಡಬೇಕು.

ಮೂಲವ್ಯಾಧಿ ಎಂಬ ಹೆಸರಿನ ಹಿಂದೆ ಕಳೆಯುವ ತಿಂಗಳುಗಳು

ಮಲದಲ್ಲಿ ರಕ್ತ ಕಂಡಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಬಹುತೇಕರು ಮೊದಲು ಹೇಳುವ ಮಾತು ಮೂಲವ್ಯಾಧಿ. ಬಸ್ ನಿಲ್ದಾಣದ ಸುತ್ತಲಿನ ಗೋಡೆಗಳ ಮೇಲೆ ಆಪರೇಷನ್ ಇಲ್ಲದೆ ಮೂಲವ್ಯಾಧಿಗೆ ಶಾಶ್ವತ ಪರಿಹಾರ ಎಂಬ ಬರಹ ಇದ್ದೇ ಇರುತ್ತದೆ. ಮೂಲವ್ಯಾಧಿ ನಿಜವಾಗಿಯೂ ಅತಿ ಸಾಮಾನ್ಯ ತೊಂದರೆಯಾದ್ದರಿಂದ ಈ ಊಹೆ ಹೆಚ್ಚಿನ ಸಲ ಸರಿಯೇ ಆಗಿರುತ್ತದೆ. ತೊಂದರೆ ಇರುವುದೂ ಅಲ್ಲಿಯೇ. ಪರೀಕ್ಷೆ ಮಾಡದೆ ಕೊಟ್ಟ ಔಷಧದಿಂದ ರಕ್ತ ಕೆಲವು ದಿನ ನಿಲ್ಲುತ್ತದೆ, ಮತ್ತೆ ಬರುತ್ತದೆ, ಇನ್ನೊಬ್ಬರ ಬಳಿ ಹೋಗಲಾಗುತ್ತದೆ. ಕಬ್ಬು ಕಡಿಯುವ ಹಂಗಾಮು ಬಂದರೆ ಅದು ಮುಗಿಯುವವರೆಗೆ ಕಾಯಲಾಗುತ್ತದೆ. ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋದವರು ಊರಿಗೆ ಬಂದಾಗ ತೋರಿಸಿದರಾಯಿತು ಎಂದುಕೊಳ್ಳುತ್ತಾರೆ.

ಕರುಳಿನ ಬಲಭಾಗದ ಗಡ್ಡೆಯಾದರೆ ರಕ್ತ ಕಣ್ಣಿಗೂ ಕಾಣುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಸೋರಿ, ಸುಸ್ತು ಮತ್ತು ರಕ್ತಹೀನತೆಯ ರೂಪದಲ್ಲಿ ಮಾತ್ರ ತೋರಿಕೊಳ್ಳುತ್ತದೆ. ಹೆಂಗಸರಲ್ಲಿ ಇದನ್ನು ಮುಟ್ಟಿನ ಲೆಕ್ಕಕ್ಕೆ ಬರೆದುಬಿಡುವುದು ಸುಲಭ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಹಿಮೋಗ್ಲೋಬಿನ್ ಒಂದಿಷ್ಟು ಏರುತ್ತದೆ, ಗಡ್ಡೆ ತನ್ನ ಪಾಡಿಗೆ ಬೆಳೆಯುತ್ತದೆ. ನಡುವಯಸ್ಸು ದಾಟಿದ ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಕಂಡರೆ ಕರುಳನ್ನು ನೋಡದೆ ಬಿಡಬಾರದು ಎಂಬುದು ವೈದ್ಯಶಾಸ್ತ್ರದ ಹಳೆಯ ನಿಯಮ.

ವಯಸ್ಸೂ ಇಲ್ಲಿ ದಾರಿ ತಪ್ಪಿಸುತ್ತದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ದಾಖಲಾದ ಸುಮಾರು 800 ರೋಗಿಗಳ ಅಧ್ಯಯನದಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಐವತ್ತಕ್ಕಿಂತ ಚಿಕ್ಕವರಾಗಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ಈ ರೋಗಿಗಳ ಸರಾಸರಿ ವಯಸ್ಸು ಅರವತ್ತರ ಮೇಲೆ. ಮೂವತ್ತೈದರ ಹರೆಯದವನಿಗೆ ಕ್ಯಾನ್ಸರ್ ಎಲ್ಲಿ ಬಂದೀತು ಎಂಬ ನಂಬಿಕೆಯಿಂದ ರೋಗಿಯೂ ವೈದ್ಯರೂ ಸಮಾನವಾಗಿ ಮೋಸಹೋಗುತ್ತಾರೆ.

ಭಾರತದಲ್ಲಿ ಗುದನಾಳದ ಗಡ್ಡೆಗಳ ಪಾಲು ದೊಡ್ಡದು. ಅಂಥ ಗಡ್ಡೆಗಳಲ್ಲಿ ಅನೇಕವು ವೈದ್ಯರ ಬೆರಳಿಗೇ ತಾಗುವಷ್ಟು ಹತ್ತಿರ ಇರುತ್ತವೆ. ಕೈಗವಸು ಹಾಕಿ ಮಾಡುವ ಒಂದು ನಿಮಿಷದ ಈ ಪರೀಕ್ಷೆಗೆ ಯಂತ್ರ ಬೇಡ, ವಿದ್ಯುತ್ ಬೇಡ, ಜಿಲ್ಲಾ ಆಸ್ಪತ್ರೆಯೂ ಬೇಡ, ತಾಲ್ಲೂಕಿನಲ್ಲಿಯೇ ಆಗುತ್ತದೆ. ಸಂಕೋಚದಿಂದ ರೋಗಿ ಬೇಡವೆನ್ನುವುದೂ ಸರದಿ ದೊಡ್ಡದಿದೆಯೆಂದು ವೈದ್ಯರು ಬಿಡುವುದೂ ಸೇರಿ ಅತ್ಯಂತ ಅಗ್ಗದ ಈ ಅವಕಾಶ ತಪ್ಪಿಹೋಗುತ್ತದೆ.

ಬಯಾಪ್ಸಿ ರಿಪೋರ್ಟಿನ ಒಂದು ಸಾಲು

ಆಪರೇಷನ್ ಆದ ಮೇಲೆ ಬರುವ ರಿಪೋರ್ಟನ್ನು ಮನೆಯವರು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನ ಮಾಡುತ್ತಾರೆ, ಆದರೆ ಅದರಲ್ಲಿ ಏನಿದೆ ಎಂದು ಯಾರೂ ಬಿಡಿಸಿ ಹೇಳಿರುವುದಿಲ್ಲ. ಮುಂದಿನ ಇಡೀ ಚಿಕಿತ್ಸೆ ನಿಂತಿರುವುದು ಆ ಕಾಗದದ ಮೇಲೆ. ಉದಾಹರಣೆಗೆ ‘ಪಿಟಿ3, ಎನ್1ಬಿ, 2/14’ ಎಂದು ಬರೆದಿದೆ ಎನ್ನೋಣ. ಟಿ3 ಎಂದರೆ ಗಡ್ಡೆ ಕರುಳಿನ ಸ್ನಾಯುಪದರವನ್ನು ದಾಟಿದೆ ಎಂದರ್ಥ. 2/14 ಎಂದರೆ ಕತ್ತರಿಸಿ ತೆಗೆದ ಭಾಗದಲ್ಲಿ ಹದಿನಾಲ್ಕು ದುಗ್ಧಗ್ರಂಥಿಗಳನ್ನು ಹುಡುಕಿ ನೋಡಲಾಗಿದೆ, ಎರಡರಲ್ಲಿ ಕ್ಯಾನ್ಸರ್ ಕೋಶಗಳು ಸಿಕ್ಕಿವೆ ಎಂದು. ಎನ್1ಬಿ ಎಂಬ ಗುರುತು ಹೇಳುವುದೂ ಇದನ್ನೇ. ಗ್ರಂಥಿಗೆ ತಲುಪಿದ್ದರಿಂದ ಇದು ಮೂರನೇ ಹಂತ. ದೂರದ ಅಂಗಗಳಿಗೆ ಹರಡಿರದಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಕೀಮೋ ಬೇಕೇ ಬೇಕು.

ಓರೆಗೆರೆಯ ಕೆಳಗಿನ ಸಂಖ್ಯೆಗೂ ಮೇಲಿನ ಸಂಖ್ಯೆಯಷ್ಟೇ ಮಹತ್ವವಿದೆ. ಕನಿಷ್ಠ ಹನ್ನೆರಡು ಗ್ರಂಥಿಗಳನ್ನಾದರೂ ಪರೀಕ್ಷಿಸಿರಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. ರಿಪೋರ್ಟಿನಲ್ಲಿ 0/5 ಎಂದಿದ್ದರೆ ಮೇಲ್ನೋಟಕ್ಕೆ ಶುಭಸುದ್ದಿಯಂತೆ ಕಾಣುತ್ತದೆ, ಆದರೆ ನೋಡದೆ ಬಿಟ್ಟ ಆರನೆಯ ಗ್ರಂಥಿಯಲ್ಲಿ ಏನಿತ್ತು ಎಂಬುದಕ್ಕೆ ಉತ್ತರವಿರುವುದಿಲ್ಲ. ಮೂರನೇ ಹಂತದ ರೋಗಿಯನ್ನು ಎರಡನೇ ಹಂತವೆಂದು ತಪ್ಪಾಗಿ ಬಗೆದು ಕೀಮೋ ಕೊಡದೆ ಮನೆಗೆ ಕಳಿಸುವ ಅಪಾಯ ಹುಟ್ಟುವುದು ಹೀಗೆ. ಆದ್ದರಿಂದಲೇ ಹನ್ನೆರಡಕ್ಕಿಂತ ಕಡಿಮೆ ಗ್ರಂಥಿ ಪರೀಕ್ಷಿಸಿದ ಎರಡನೇ ಹಂತದ ರೋಗಿಯನ್ನು ಹೆಚ್ಚು ಅಪಾಯದವರ ಸಾಲಿಗೆ ಸೇರಿಸುತ್ತಾರೆ. ಈ ಸಂಖ್ಯೆ ಕಡಿಮೆಯಾಗಲು ಎರಡು ಕಾರಣಗಳಿರಬಹುದು: ಸರ್ಜನ್ ಸಾಕಷ್ಟು ಭಾಗ ತೆಗೆದಿರದಿರಬಹುದು, ಇಲ್ಲವೇ ಪೆಥಾಲಜಿ ವಿಭಾಗದಲ್ಲಿ ಕೊಬ್ಬಿನೊಳಗಿಂದ ಗ್ರಂಥಿಗಳನ್ನು ತಾಳ್ಮೆಯಿಂದ ಹುಡುಕಿರದಿರಬಹುದು. ರೋಗಿಯ ಅದೃಷ್ಟದ ಮಾತು ಇಲ್ಲಿ ಬರುವುದಿಲ್ಲ, ಇದು ಕೆಲಸದ ಗುಣಮಟ್ಟದ ಪ್ರಶ್ನೆ.

ಅದೇ ಹಾಳೆಯಲ್ಲಿ ಗಡ್ಡೆ ರಕ್ತನಾಳ, ನರಗಳನ್ನು ಹೊಕ್ಕಿದೆಯೇ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂಬ ವಿವರಗಳೂ ಇರುತ್ತವೆ. ‘ಸಿಗ್ನೆಟ್ ರಿಂಗ್’ ಎಂಬ ಮಾತು ಕಂಡರೆ ಅದು ಬೇಗ ಹರಡುವ, ಹೊಟ್ಟೆಯ ಪೊರೆಯನ್ನು ಆವರಿಸುವ ಬಗೆ. ಪಾಶ್ಚಾತ್ಯರಲ್ಲಿ ನೂರಕ್ಕೆ ಒಂದರ ಆಸುಪಾಸಿನಲ್ಲಿರುವ ಈ ಬಗೆ ಟಾಟಾ ಆಸ್ಪತ್ರೆಯ ಮೇಲಿನ ಅಧ್ಯಯನದಲ್ಲಿ ನೂರಕ್ಕೆ ಹತ್ತನ್ನು ಮೀರಿತ್ತು. ನಮ್ಮಲ್ಲಿ ಬದುಕುಳಿಯುವ ಪ್ರಮಾಣ ಕಡಿಮೆ ಇರುವುದಕ್ಕೆ ತಡವೊಂದೇ ಕಾರಣವಲ್ಲ, ಕಾಯಿಲೆಯ ಸ್ವಭಾವವೂ ಒಂದಿಷ್ಟು ಕಾರಣ ಎಂಬ ವಾದಕ್ಕೆ ಇದು ಆಧಾರ.

ಕತ್ತಿ ಹಿಡಿದ ಕೈ, ಚೀಲದ ಭಯ

ಗುದನಾಳದ ಕ್ಯಾನ್ಸರ್‌ನಲ್ಲಿ ಶಸ್ತ್ರಚಿಕಿತ್ಸೆಯ ಕ್ರಮವೇ ಫಲಿತಾಂಶವನ್ನು ಬದಲಿಸಿದ ಇತಿಹಾಸವಿದೆ. ಇಂಗ್ಲೆಂಡಿನ ಸರ್ಜನ್ ಬಿಲ್ ಹೀಲ್ಡ್ 1980ರ ದಶಕದ ಆರಂಭದಲ್ಲಿ, ಗುದನಾಳವನ್ನು ಸುತ್ತಿರುವ ಕೊಬ್ಬಿನ ಹೊದಿಕೆಯನ್ನು ಹರಿಯದಂತೆ ಇಡಿಯಾಗಿ ತೆಗೆಯಬೇಕು ಎಂದು ತೋರಿಸಿಕೊಟ್ಟರು. ಅದಕ್ಕೂ ಮೊದಲು ನೂರರಲ್ಲಿ ಇಪ್ಪತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಅದೇ ಜಾಗದಲ್ಲಿ ಮರಳುತ್ತಿದ್ದ ಗಡ್ಡೆ, ಈ ವಿಧಾನ ರೂಢಿಗೆ ಬಂದ ಕಡೆಗಳಲ್ಲಿ ಹತ್ತಕ್ಕಿಂತ ಕೆಳಗಿಳಿಯಿತು. ಹೊಸ ಔಷಧ ಯಾವುದೂ ಇರಲಿಲ್ಲ. ಬದಲಾದದ್ದು ಕೈಚಳಕ ಮತ್ತು ಶಿಸ್ತು. ಆಪರೇಷನ್‌ಗೆ ಮೊದಲು ಎಂಆರ್‌ಐ ಮಾಡಿ, ಗಡ್ಡೆ ಅಂಚಿಗೆ ಎಷ್ಟು ಹತ್ತಿರವಿದೆ ಎಂದು ನೋಡಿ, ಅಗತ್ಯವಿದ್ದವರಿಗೆ ಮೊದಲು ರೇಡಿಯೇಷನ್ ಕೊಡುವುದು ಇಂದಿನ ಕ್ರಮ. ಜನ ‘ಕರೆಂಟ್ ಕೊಡುವುದು’ ಎನ್ನುವ ಈ ಚಿಕಿತ್ಸೆ ಐದು ದಿನಗಳಲ್ಲೂ ಮುಗಿಯಬಹುದು, ಐದು ವಾರಗಳೂ ಹಿಡಿಯಬಹುದು.

ಇದಕ್ಕೆ ವಿರುದ್ಧವಾದ ಚಿತ್ರ ತುರ್ತು ಆಪರೇಷನ್. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದೆ ಕರುಳು ಕಟ್ಟಿಕೊಂಡ ಸ್ಥಿತಿಯಲ್ಲಿ ರಾತ್ರಿ ಹೊತ್ತು ಬಂದ ರೋಗಿಗೆ ಎಂಆರ್‌ಐ, ಪೌಷ್ಟಿಕತೆ, ತಜ್ಞರ ಆಯ್ಕೆ ಯಾವುದಕ್ಕೂ ಸಮಯವಿರುವುದಿಲ್ಲ. ಜೀವ ಉಳಿಸುವುದಷ್ಟೇ ಅಂದಿನ ಗುರಿ. ಇಂಥವರಲ್ಲಿ ಶಸ್ತ್ರಚಿಕಿತ್ಸೆಯ ಆಸುಪಾಸಿನ ಸಾವೂ ಹೆಚ್ಚು, ವರ್ಷಗಳ ಲೆಕ್ಕದ ಉಳಿವೂ ಕಡಿಮೆ. ತಿಂಗಳುಗಟ್ಟಲೆ ಮುಂದೂಡಿದ ತಪಾಸಣೆಯ ಪರಿಣಾಮ ಕಡೆಗೆ ಒಂದೇ ರಾತ್ರಿಯಲ್ಲಿ ಹೀಗೆ ಎದುರಾಗುತ್ತದೆ.

ಚೀಲದ ಭಯ ಇನ್ನೊಂದು ದೊಡ್ಡ ಅಡ್ಡಿ. ಗುದದ್ವಾರದ ತೀರ ಹತ್ತಿರ ಗಡ್ಡೆ ಇದ್ದರೆ ಹೊಟ್ಟೆಯ ಮೇಲೆ ದಾರಿ ಮಾಡಿ ಮಲ ಸೇರುವ ಚೀಲ ಹಾಕಬೇಕಾಗುತ್ತದೆ. ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ಕಾಯಂ. ಈ ಮಾತು ಕೇಳಿದೊಡನೆ ಆಪರೇಷನ್ ಬೇಡವೆಂದು ಎದ್ದುಹೋಗುವವರು ಇದ್ದಾರೆ. ಮದುವೆಗೆ ಹೋಗುವುದು ಹೇಗೆ, ಗುಡಿಯೊಳಗೆ ಕಾಲಿಡುವುದು ಹೇಗೆ, ಜನ ಏನೆಂದಾರು ಎಂಬ ಪ್ರಶ್ನೆಗಳನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಬದುಕಿನ ಮರ್ಯಾದೆಯ ಪ್ರಶ್ನೆ ಅದು. ಚೀಲ ಬದಲಿಸುವುದನ್ನು ಆಪರೇಷನ್‌ಗೆ ಮೊದಲೇ ತೋರಿಸಿ, ಅದನ್ನೇ ಹಾಕಿಕೊಂಡು ಹೊಲಮನೆ ನೋಡಿಕೊಳ್ಳುತ್ತಿರುವ ಇನ್ನೊಬ್ಬ ರೋಗಿಯ ಜೊತೆ ಮಾತನಾಡಿಸಿದರೆ ಒಪ್ಪಿಗೆ ಸುಲಭವಾಗುತ್ತದೆ. ಹಾಗೆ ಮಾತನಾಡಿಸುವ ತರಬೇತಿ ಪಡೆದ ನರ್ಸ್‌ಗಳು ನಮ್ಮ ಜಿಲ್ಲೆಗಳಲ್ಲಿ ವಿರಳ. ಪ್ರತಿ ತಿಂಗಳು ಚೀಲ ಕೊಳ್ಳುವ ಖರ್ಚೂ ಮನೆಯ ಮೇಲೆ ಬೀಳುತ್ತದೆ.

ಕೀಮೋ: ಸಮಯ, ದೂರ, ದುಡ್ಡು

ಮೂರನೇ ಹಂತದಲ್ಲಿ ಆಪರೇಷನ್ ನಂತರದ ಕೀಮೋ, ಕಣ್ಣಿಗೆ ಕಾಣದೆ ಉಳಿದ ಕೋಶಗಳನ್ನು ಕೊಲ್ಲಲು ಕೊಡುವಂಥದ್ದು. ಇದನ್ನು ಎಂಟು ವಾರಗಳೊಳಗೆ ಆರಂಭಿಸಬೇಕು ಎಂಬುದು ಸಾಮಾನ್ಯ ನಿಯಮ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದು, ಆರಂಭ ನಾಲ್ಕು ವಾರ ತಡವಾದಂತೆಲ್ಲ ಸಾವಿನ ಅಪಾಯ ಸುಮಾರು ಶೇ 14ರಷ್ಟು ಏರುತ್ತದೆ ಎಂದು ಕಂಡುಕೊಂಡಿತು. ವ್ಯಾಯಾಮ ಪ್ರಯೋಗದ ಲಾಭದ ಪಕ್ಕದಲ್ಲಿ ಈ ನಷ್ಟವನ್ನು ಇಟ್ಟು ನೋಡಬೇಕು. ಗಾಯ ಮಾಗದೆ ಹೋದದ್ದು, ರಿಪೋರ್ಟ್ ಕೈಗೆ ಬರಲು ವಾರಗಳು ಹಿಡಿದದ್ದು, ಸರ್ಕಾರಿ ಆರೋಗ್ಯ ಕಾರ್ಡಿನ ಕೆಲಸಕ್ಕೆ ಅಲೆದದ್ದು, ಎಲ್ಲ ಸೇರಿ ಎರಡು ತಿಂಗಳು ಸುಲಭವಾಗಿ ಕರಗಿಹೋಗುತ್ತವೆ.

ಎಷ್ಟು ತಿಂಗಳು ಕೊಡಬೇಕು ಎಂಬುದರಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. ಸುಮಾರು 12,800 ರೋಗಿಗಳ ಆರು ಪ್ರಯೋಗಗಳನ್ನು ಸೇರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರನೇ ಹಂತದಲ್ಲೂ ಕಡಿಮೆ ಅಪಾಯದ ಗುಂಪಿನವರಿಗೆ, ಡ್ರಿಪ್ ಮತ್ತು ಮಾತ್ರೆ ಸೇರಿದ ಚಿಕಿತ್ಸಾಕ್ರಮದಲ್ಲಿ, ಆರು ತಿಂಗಳ ಬದಲು ಮೂರೇ ತಿಂಗಳು ಸಾಕಾಗುತ್ತದೆ. ಮೇಲಿನ ಉದಾಹರಣೆಯ ‘ಟಿ3, ಎನ್1’ ರೋಗಿ ಇದೇ ಗುಂಪಿಗೆ ಸೇರುತ್ತಾರೆ. ಅಂದರೆ ಎಂಟು ಸುತ್ತಿನ ಬದಲು ನಾಲ್ಕು ಸುತ್ತು. ಕೈಕಾಲು ಜೋಮು ಹಿಡಿಯುವ, ತಣ್ಣೀರು ಮುಟ್ಟಲಾಗದ ತೊಂದರೆಯೂ ಬಹಳಷ್ಟು ಕಡಿಮೆಯಾಗುತ್ತದೆ. ದೂರದಿಂದ ಬಂದುಹೋಗುವ ರೋಗಿ ಅರ್ಧಕ್ಕೆ ಬಿಟ್ಟುಹೋಗದಿರಲು ಇದಕ್ಕಿಂತ ದೊಡ್ಡ ನೆರವಿಲ್ಲ.

ದೂರದ ಮಾತು ಇಲ್ಲಿ ಅಲಂಕಾರದ ಮಾತಲ್ಲ. ಅಥಣಿ, ರಾಯಬಾಗ, ಚಿಕ್ಕೋಡಿಯ ಕಡೆಯವರು ಮೀರಜಿಗೆ ಹೋಗುವುದು ರೂಢಿ. ಇಂಡಿ, ಚಡಚಣದವರಿಗೆ ಸೊಲ್ಲಾಪುರ ಹತ್ತಿರ. ಬಾದಾಮಿ, ಹುನಗುಂದದವರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯತ್ತ ನೋಡುತ್ತಾರೆ. ಉಳಿದವರು ಬೆಂಗಳೂರಿನ ಕಿದ್ವಾಯಿಗೆ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಹೊಸ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದ್ದರಿಂದ ಈ ನಕ್ಷೆ ಸ್ವಲ್ಪ ಬದಲಾಗಲಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ; ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ 30, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗುವವರು ಆ ಆಸ್ಪತ್ರೆಯಲ್ಲಿ ತಮ್ಮ ಕಾರ್ಡು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಾರ್ಡು ಔಷಧದ ಬಿಲ್ಲನ್ನು ಕಟ್ಟುತ್ತದೆ, ಜೊತೆಗೆ ಬಂದವರ ಊಟ, ಬಾಡಿಗೆ, ಕಳೆದುಕೊಂಡ ಕೂಲಿಯನ್ನು ಕಟ್ಟುವುದಿಲ್ಲ. ಎರಡು ಮೂರು ಸುತ್ತಿನ ನಂತರ ರೋಗಿ ಕಾಣದಾಗುವುದು ಬಹಳ ಸಲ ಈ ಎರಡನೆಯ ಲೆಕ್ಕದಿಂದ.

ಇದೇ ಕಾರಣಕ್ಕೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರಗಳನ್ನು ತೆರೆಯುವ ಕೇಂದ್ರ ಬಜೆಟ್‌ನ 2025ರ ಘೋಷಣೆಯನ್ನೂ ಅದೇ ವರ್ಷ ರಾಜ್ಯ ಸರ್ಕಾರ ಹಲವು ಜಿಲ್ಲೆಗಳಲ್ಲಿ ಆರಂಭಿಸಿದ ಡೇ ಕೇರ್ ಕೀಮೋ ಕೇಂದ್ರಗಳನ್ನೂ ಸಣ್ಣ ಸುದ್ದಿ ಎನ್ನಲಾಗದು. ಇಲ್ಲಿ ತಜ್ಞರಲ್ಲಿ ಎರಡು ನಿಲುವುಗಳಿವೆ. ದೊಡ್ಡ ಆಪರೇಷನ್‌ಗಳನ್ನು, ಅದರಲ್ಲೂ ಗುದನಾಳದ್ದನ್ನು, ಹೆಚ್ಚು ಸಂಖ್ಯೆಯಲ್ಲಿ ಮಾಡುವ ಕೆಲವೇ ಕೇಂದ್ರಗಳಿಗೆ ಸೀಮಿತಗೊಳಿಸಬೇಕು ಎನ್ನುವವರು ಒಂದು ಕಡೆ. ದೂರ ಹೆಚ್ಚಾದಷ್ಟೂ ಬಡವರು ಚಿಕಿತ್ಸೆಯನ್ನೇ ಬಿಡುತ್ತಾರೆ ಎನ್ನುವವರು ಇನ್ನೊಂದು ಕಡೆ. ಆಪರೇಷನ್ ಪಳಗಿದ ಕೈಯಲ್ಲಿ, ಕೀಮೋ ಮನೆಯ ಹತ್ತಿರ ಎಂದು ಎರಡನ್ನೂ ಬೇರ್ಪಡಿಸಿದರೆ ಈ ಜಗಳದ ಬಹುಪಾಲು ತೀರುತ್ತದೆ. ಅದಕ್ಕೆ ಎರಡೂ ಆಸ್ಪತ್ರೆಗಳ ನಡುವೆ ಕಾಗದಪತ್ರ ಸರಿಯಾಗಿ ಓಡಾಡಬೇಕು, ಅಷ್ಟೇ.

ಆಸ್ಪಿರಿನ್ ಯಾರಿಗೆ

ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡ್‌ಗಳ ಆಸ್ಪತ್ರೆಗಳಲ್ಲಿ ನಡೆದ ಆಸ್ಪಿರಿನ್ ಪ್ರಯೋಗ ಎಲ್ಲ ರೋಗಿಗಳ ಮೇಲೆ ನಡೆದದ್ದಲ್ಲ. ಮೂರೂವರೆ ಸಾವಿರ ರೋಗಿಗಳ ಗಡ್ಡೆಯನ್ನು ಪರೀಕ್ಷಿಸಿ, ಪಿಐಕೆ3 ಎಂಬ ಜೀನ್ ಸರಣಿಯಲ್ಲಿ ಬದಲಾವಣೆ ಇದ್ದ ಸುಮಾರು ಶೇ 37ರಷ್ಟು ಜನರನ್ನು ಗುರುತಿಸಿ, ಅಂಥವರಲ್ಲಿ 626 ಮಂದಿಗೆ ಮೂರು ವರ್ಷ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿ ಮಾತ್ರೆ ಕೊಡಲಾಯಿತು. ಈ ಬದಲಾವಣೆಯ ಒಂದು ನಿರ್ದಿಷ್ಟ ಬಗೆ ಇದ್ದ ಮುಖ್ಯ ಗುಂಪಿನಲ್ಲಿ ಮೂರು ವರ್ಷಗಳಲ್ಲಿ ಕಾಯಿಲೆ ಮರಳಿದ್ದು ಆಸ್ಪಿರಿನ್ ಪಡೆದವರಲ್ಲಿ ಶೇ 7.7, ಪಡೆಯದವರಲ್ಲಿ ಶೇ 14.1. ಗಂಭೀರ ಅಡ್ಡಪರಿಣಾಮಗಳು ಆಸ್ಪಿರಿನ್ ಗುಂಪಿನಲ್ಲಿಯೇ ಹೆಚ್ಚು ಕಂಡವು. ಇದೇ ವೇಳೆಗೆ, ಭಾರತವೂ ಭಾಗವಹಿಸಿದ್ದ ಏಷ್ಯಾ ವಲಯದ ‘ಆಸ್ಕೋಲ್ಟ್’ ಎಂಬ ಇನ್ನೊಂದು ಪ್ರಯೋಗ, ಜೀನ್ ನೋಡದೆ ಎಲ್ಲರಿಗೂ 200 ಮಿಲಿಗ್ರಾಂ ಕೊಟ್ಟಾಗ ಸ್ಪಷ್ಟ ಲಾಭ ಕಾಣಲಿಲ್ಲ ಎಂದು ವರದಿ ಮಾಡಿದೆ.

ಎರಡು ಪ್ರಯೋಗಗಳು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಗಡ್ಡೆಯ ಜೀನ್ ಪರೀಕ್ಷೆ ಮಾಡಿಸಿ, ಬದಲಾವಣೆ ಇದ್ದವರಿಗೆ ಮಾತ್ರ, ವೈದ್ಯರ ನಿಗಾದಲ್ಲಿ ಕೊಡಬೇಕಾದ ಔಷಧವಿದು ಎಂಬುದೇ ಎರಡನ್ನೂ ಕೂಡಿಸಿ ಓದಿದಾಗ ಸಿಗುವ ಅರ್ಥ. ಔಷಧ ಅಂಗಡಿಯಿಂದ ಹೃದಯಕ್ಕೆಂದು ಕೊಡುವ ಆಸ್ಪಿರಿನ್ ಮಾತ್ರೆ ತಂದು ತಾನೇ ನುಂಗತೊಡಗುವುದು ಹೊಟ್ಟೆಯಲ್ಲಿ ರಕ್ತಸ್ರಾವಕ್ಕೆ ದಾರಿ. ಡೋಸ್ಟಾರ್ಲಿಮ್ಯಾಬ್‌ನ ಕತೆಯೂ ಇದೇ ಬಗೆಯದು: ಡಿಎನ್‌ಎ ದುರಸ್ತಿ ವ್ಯವಸ್ಥೆ ಕೆಟ್ಟಿರುವ, ಗುದನಾಳದ ಕ್ಯಾನ್ಸರ್‌ಗಳಲ್ಲಿ ಶೇ 5ರಿಂದ 10ರಷ್ಟಿರುವ ಬಗೆಗೆ ಅದು ಪವಾಡದಂತೆ ಕೆಲಸ ಮಾಡಿತು, ಉಳಿದವರಿಗೆ ಅಲ್ಲ. ಈ ದೋಷವನ್ನು ಗುರುತಿಸುವ ಎಂಎಂಆರ್ ಪರೀಕ್ಷೆ ಬಯಾಪ್ಸಿ ತುಣುಕಿನ ಮೇಲೆಯೇ ಆಗುತ್ತದೆ. ದುಬಾರಿ ಔಷಧ ಎಟುಕದಿದ್ದರೂ ಇದನ್ನು ಕೇಳಿ ಮಾಡಿಸಬೇಕು, ಏಕೆಂದರೆ ಕಾಯಿಲೆ ಮನೆತನದಲ್ಲಿ ಇಳಿದುಬರುವ ಬಗೆಯೇ ಎಂಬ ಸುಳಿವೂ ಇದರಿಂದ ಸಿಗುತ್ತದೆ. ಹಾಗಿದ್ದರೆ ಅಣ್ಣ, ತಂಗಿ, ಮಕ್ಕಳ ತಪಾಸಣೆ ಮುಂಚಿತವಾಗಿ ಆಗಬೇಕು.

ಎಲ್ಲರಿಗೂ ತಪಾಸಣೆ ಬೇಕೆ?

ಯುರೋಪಿನ ಹಲವು ದೇಶಗಳು ಐವತ್ತು ದಾಟಿದವರನ್ನು ಮಲ ಪರೀಕ್ಷೆಗೆ ಕರೆಯುತ್ತವೆ. ಅಮೆರಿಕ 2021ರಲ್ಲಿ ಈ ವಯಸ್ಸನ್ನು 45ಕ್ಕೆ ಇಳಿಸಿತು. ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ ತಪಾಸಣೆ ಇದೆ, ಕರುಳಿಗೆ ಇಲ್ಲ. ಇದು ಲೋಪ ಎನ್ನುವವರ ವಾದ ಸರಳ: ಹತ್ತು ವರ್ಷದ ಅವಕಾಶ ಕೊಡುವ ಕಾಯಿಲೆಯನ್ನು ಹುಡುಕದೆ ಬಿಡುವುದೇಕೆ? ಬೇಡವೆನ್ನುವವರು, ಜನಸಂಖ್ಯೆಯ ಅನುಪಾತದಲ್ಲಿ ಈ ಕಾಯಿಲೆ ಜಗತ್ತಿನಲ್ಲಿಯೇ ಕಡಿಮೆ ಇರುವ ದೇಶಗಳಲ್ಲಿ ಭಾರತ ಒಂದು ಎಂಬುದನ್ನು ತೋರಿಸುತ್ತಾರೆ. ಸಾವಿರಾರು ಜನರಲ್ಲಿ ಒಬ್ಬರನ್ನು ಹುಡುಕಲು ಕರುಳಿನೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಕೊಲೊನೋಸ್ಕೋಪಿ ಯಂತ್ರಗಳನ್ನು ಹೂಡಿದರೆ, ರಕ್ತ ಸುರಿಯುತ್ತ ಸಾಲಿನಲ್ಲಿ ನಿಂತಿರುವ ರೋಗಿಗೆ ಅದೇ ಯಂತ್ರ ತಡವಾಗಿ ಸಿಗುತ್ತದೆ ಎಂಬುದು ಅವರ ಆತಂಕ.

ಸದ್ಯಕ್ಕೆ ಎರಡನೆಯ ವಾದವೇ ನಮ್ಮ ಮೂರು ಜಿಲ್ಲೆಗಳಿಗೆ ಹೆಚ್ಚು ಒಪ್ಪುತ್ತದೆ. ಕೊಲೊನೋಸ್ಕೋಪಿ ಸೌಲಭ್ಯ ಇಲ್ಲಿ ಬಹುಮಟ್ಟಿಗೆ ವೈದ್ಯಕೀಯ ಕಾಲೇಜುಗಳಿರುವ ನಗರಗಳಲ್ಲಿ ಮಾತ್ರ ಇದೆ. ಮೂರು ವಾರಕ್ಕೂ ಹೆಚ್ಚು ಕಾಲ ರಕ್ತ ಹೋಗುವವರು, ಮಲವಿಸರ್ಜನೆಯ ರೂಢಿ ಏಕಾಏಕಿ ಬದಲಾದವರು, ಕಾರಣವಿಲ್ಲದೆ ತೂಕ ಇಳಿದವರು, ರಕ್ತಹೀನತೆ ಇರುವ ನಡುವಯಸ್ಕರು, ಇವರನ್ನು ಸಾಲು ಬಿಡಿಸಿ ಮೊದಲು ನೋಡುವ ಏರ್ಪಾಟು ಮಾಡಿದರೆ ಹೊಸ ಯಂತ್ರವಿಲ್ಲದೆಯೇ ಕಾಯಿಲೆ ಪತ್ತೆಯಾಗುವ ಹಂತ ಇಳಿಯುತ್ತದೆ. ನಗರಗಳಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಕೂತಲ್ಲಿಯ ಕೆಲಸ ಹೆಚ್ಚಿದಂತೆ ಈ ಲೆಕ್ಕ ಬದಲಾಗಬಹುದು. ನಾರಿನಂಶ ಹೇರಳವಾಗಿರುವ ಜೋಳದ ರೊಟ್ಟಿ, ಪಲ್ಲೆಯ ಊಟ ಬಿಟ್ಟು ಮೈದಾ ತಿಂಡಿಗೆ ಒಗ್ಗಿಕೊಂಡ ಪೀಳಿಗೆಗೆ ನಾಳೆ ತಪಾಸಣೆ ಬೇಕಾಗಬಹುದು.

ಚಿಕಿತ್ಸೆ ಮುಗಿದ ಮೇಲಿನ ಐದು ವರ್ಷ

ಮರಳಿ ಬರುವ ಗಡ್ಡೆಗಳಲ್ಲಿ ಬಹುಪಾಲು ಮೊದಲ ಮೂರು ವರ್ಷಗಳಲ್ಲೇ ಬರುತ್ತವೆ. ಆದ್ದರಿಂದ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ನಂತರ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಸಿಇಎ ಎಂಬ ರಕ್ತಪರೀಕ್ಷೆ, ಕಾಲಕಾಲಕ್ಕೆ ಸಿಟಿ ಸ್ಕ್ಯಾನ್, ಆಪರೇಷನ್ ಆಗಿ ಒಂದು ವರ್ಷವಾದಾಗ ಕೊಲೊನೋಸ್ಕೋಪಿ ಎಂಬ ಕ್ರಮವಿದೆ. ಬೀಡಿ, ಸಿಗರೇಟು ಬಿಡುವುದೂ ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದೂ ಈ ಅವಧಿಯ ಚಿಕಿತ್ಸೆಯೇ.

ಗುಣವಾಯಿತು ಎಂದುಕೊಂಡು ಮನೆಗೆ ಹೋದವರು ತೊಂದರೆ ಕಂಡಾಗ ಬಂದರಾಯಿತು ಎಂದು ಕೂರುವುದು ಸಾಮಾನ್ಯ. ಆದರೆ ಯಕೃತ್ತಿನಲ್ಲಿ ಒಂದೆರಡು ಗಂಟು ಮರಳಿದ್ದರೆ ಆ ಹೊತ್ತಿಗೆ ನೋವೂ ಇರುವುದಿಲ್ಲ, ಕಾಮಾಲೆಯೂ ಇರುವುದಿಲ್ಲ. ಸಿಇಎ ಏರಿರುತ್ತದೆ, ಅಷ್ಟೇ. ಆಗಲೇ ಪತ್ತೆಯಾಗಿ, ಪೂರ್ತಿಯಾಗಿ ಕತ್ತರಿಸಿ ತೆಗೆಯಲು ಸಾಧ್ಯವಾದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಮತ್ತೆ ಐದು ವರ್ಷ ಬದುಕುತ್ತಾರೆ. ದೂರದ ಅಂಗಕ್ಕೆ ಹರಡಿದ ನಾಲ್ಕನೇ ಹಂತ ಎಂದರೆ ಎಲ್ಲ ಮುಗಿಯಿತು ಎಂಬ ಮಾತು ಇವರ ಮಟ್ಟಿಗೆ ನಿಜವಲ್ಲ. ನೋವು ಬಂದ ಮೇಲೆ ಬಂದವರಲ್ಲಿ ಯಕೃತ್ತಿನ ಹಲವು ಕಡೆ ಗಂಟುಗಳಿದ್ದು ಆ ದಾರಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಸಿಇಎ ಪರೀಕ್ಷೆಯ ರಕ್ತವನ್ನು ತಾಲ್ಲೂಕು ಕೇಂದ್ರದಲ್ಲಿಯೇ ತೆಗೆದು ಕಳಿಸಬಹುದು. ಹೊಸ ಡೇ ಕೇರ್ ಕೇಂದ್ರಗಳು ಕೀಮೋ ಡ್ರಿಪ್ ಹಾಕುವುದರ ಜೊತೆಗೆ ತಮ್ಮಲ್ಲಿ ಚಿಕಿತ್ಸೆ ಮುಗಿಸಿದವರ ಪಟ್ಟಿ ಇಟ್ಟುಕೊಂಡು, ದಿನ ಬಂದಾಗ ಫೋನ್ ಮಾಡಿ ಕರೆಯುವ ಕೆಲಸವನ್ನೂ ವಹಿಸಿಕೊಳ್ಳಬೇಕು.